ಅಡುಗೆಮನೆ ಟೈಲ್ಸ್‌ಗೆ ಹೊಡೆಯುವ ಪೇಂಟ್ ತರಿಸುವ ಮೊದಲು ನನ್ನ ಲೆಕ್ಕ ನೋಡಿ

ಕೊನೆಯವರೆಗೆ ಓದಲು ಪುರುಸೊತ್ತಿಲ್ಲದವರಿಗೆ ಸ್ಟಾರ್ ಮೊದಲೇ ಕೊಟ್ಟುಬಿಡುತ್ತೇನೆ. ಆನ್‌ಲೈನ್‌ನಲ್ಲಿ ತರಿಸಿದ ಟೈಲ್ಸ್ ಪೇಂಟಿಗೆ ಐದರಲ್ಲಿ ಒಂದು. ಗೋಡೆಗೆ ಅಂಟಿಸುವ ಸ್ಟಿಕ್ಕರಿಗೆ ಎರಡು. ಉಪ್ಪಳದ ಹತ್ತಿರ ಹೆದ್ದಾರಿ ಬದಿಯಲ್ಲಿ ಉಳಿಕೆ ಟೈಲ್ಸ್ ಮಾರುವ ಅಂಗಡಿಗೆ ನಾಲ್ಕು. ಮೇಸ್ತ್ರಿಗೆ ನಾಲ್ಕೂವರೆ. ಆ ಅರ್ಧ ಯಾಕೆ ಹೋಯಿತು ಅಂತ ಆಮೇಲೆ ಹೇಳುತ್ತೇನೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಮುರಕಲ್ಲಿನ ಹಳೆ ಮನೆ. ಅಡುಗೆಮನೆಗೆ ಟೈಲ್ಸ್ ಹಾಕಿಸಿದ್ದು 1999ರಲ್ಲಿ, ಮಾವ ಇದ್ದಾಗ. ಎಂಟು ಇಂಚು ಅಗಲ, ಹನ್ನೆರಡು ಇಂಚು ಉದ್ದದ ಬಿಳಿ ಟೈಲ್ಸ್, ನಾಲ್ಕಕ್ಕೊಂದರಂತೆ ಹಣ್ಣಿನ ಬುಟ್ಟಿಯ ಚಿತ್ರ. ಆ ಕಾಲದಲ್ಲಿ ನಮ್ಮ ನೆಂಟರಲ್ಲಿ ಯಾರ ಅಡುಗೆಮನೆಗೆ ಹೋದರೂ ಇದೇ ಬುಟ್ಟಿ ಕಾಣುತ್ತಿತ್ತು. ಅದರಲ್ಲಿ ಸೇಬು, ದ್ರಾಕ್ಷಿ, ಪೇರ್. ನಮ್ಮ ಕಡೆ ಯಾರೂ ಬೆಳೆಯದ ಹಣ್ಣುಗಳೇ ಎಲ್ಲ. ಒಂದು ಗೇರುಹಣ್ಣು ಬರೆದಿದ್ದರೆ ಏನು ಹೋಗುತ್ತಿತ್ತೋ.

2021ರಲ್ಲಿ ಮೈದುನನ ಮದುವೆ. ಲಾಕ್‌ಡೌನ್ ಸಡಿಲವಾದ ಹೊತ್ತು, ಮದುವೆ ಮನೆಯಲ್ಲೇ, ಹೆಣ್ಣಿನ ಕಡೆಯವರು ಅಡುಗೆಮನೆಗೂ ಬರುತ್ತಾರೆ. ಒಲೆಯ ಹಿಂದಿನ ಟೈಲ್ಸ್ ಎಣ್ಣೆ ಕುಡಿದು ಹಳದಿಯಾಗಿತ್ತು, ಹಣ್ಣೆಲ್ಲ ಮಸುಕಾಗಿತ್ತು. ನಮ್ಮವರಿಗೆ ಒಂದು ಬುದ್ಧಿ ಹೊಳೆಯಿತು. ಕಿಟಕಿಯ ಸರಳಿಗೆ ಹೊಡೆದು ಉಳಿದ ಎನಾಮೆಲ್ ಪೇಂಟ್ ಅಟ್ಟದಲ್ಲಿತ್ತು, ಕೆನೆ ಬಣ್ಣ. ಅದನ್ನೇ ಟೈಲ್ಸ್‌ಗೆ ಎರಡು ಕೋಟ್ ಹೊಡೆದರು. ಮದುವೆ ದಿನ ನಿಜಕ್ಕೂ ಚಂದ ಕಾಣುತ್ತಿತ್ತು, ಸುಳ್ಳು ಹೇಳಬಾರದು. ಅತ್ತೆ ಮಾತ್ರ, "ಇದ್ದದ್ದು ಇದ್ದ ಹಾಗೆ ಚಂದ ಇತ್ತು" ಅಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡನೇ ಮಳೆಗಾಲಕ್ಕೆ ಪೇಂಟ್ ಗುಳ್ಳೆ ಎದ್ದಿತು. ಮೂರನೆಯದಕ್ಕೆ ಹಪ್ಪಳದ ಹಾಗೆ ಬಿಡಿಸಿಕೊಂಡು ಬಂತು, ಒಂದು ದಿನ ಸಾಂಬಾರಿಗೇ ಒಂದು ಚೂರು ಬಿತ್ತು. ಇದು ಪೇಂಟಿನ ತಪ್ಪಲ್ಲ. ಟೈಲ್ಸ್ ಮೇಲಿನ ಹೊಳಪು ಅಂದರೆ ಗಾಜಿನ ಪದರ. ಮರ, ಗಾರೆ ಇವಕ್ಕೆ ಸಣ್ಣ ಸಣ್ಣ ತೂತು ಇರುತ್ತದೆ, ಪೇಂಟ್ ಅಲ್ಲಿ ಹಿಡಿದುಕೊಳ್ಳುತ್ತದೆ. ಗಾಜಿನ ಮೇಲೆ ಅದಕ್ಕೆ ಹಿಡಿತವೇ ಇಲ್ಲ. ಅದರ ಮೇಲೆ ದಿನಕ್ಕೆ ಮೂರು ಹೊತ್ತು ಹಬೆ, ಒಗ್ಗರಣೆಯ ಎಣ್ಣೆ, ಬಿಸಿ. ಅಷ್ಟು ದಿನ ನಿಂತದ್ದೇ ದೊಡ್ಡದು.

ಕಳೆದ ವರ್ಷ ಜೂನ್‌ನಲ್ಲಿ ಇದನ್ನು ಸರಿ ಮಾಡಲೇಬೇಕು ಅಂತ ಹೊರಟೆ. ಕೈಯಲ್ಲಿ ಇದ್ದದ್ದು 8,000 ರೂಪಾಯಿ, ಅಡಕೆಯ ದುಡ್ಡಿನಲ್ಲಿ ನನ್ನ ಪಾಲಿಗೆ ಬಂದದ್ದು. ಮೊದಲು ಒಬ್ಬರು ಕಂಟ್ರಾಕ್ಟರನ್ನು ಕರೆಸಿ ಕೇಳಿದೆ. ಅವರು ನಾಲ್ಕು ಗೋಡೆ ಅಳೆದು 110 ಚದರ ಅಡಿ ಅಂದರು. ಹಳೆಯದನ್ನು ಒಡೆದು, ಗಾರೆ ಮಾಡಿ, ಹೊಸದು ಹಾಕಲು 28,000. ಚಹಾ ಕೊಟ್ಟು ಕಳಿಸಿದೆ.

ಆಮೇಲೆ ಬುದ್ಧಿ ಕೊಟ್ಟದ್ದು ಮೊಬೈಲ್. ಟೈಲ್ಸ್‌ಗೆ ಅಂತಲೇ ಮಾಡಿದ ಎರಡು ಡಬ್ಬಿಯ ಎಪಾಕ್ಸಿ ಪೇಂಟ್, ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ದ್ರವ. 1,850 ರೂಪಾಯಿ. ವಿಡಿಯೋದಲ್ಲಿ ಒಬ್ಬಳು ಬಿಳಿ ಪ್ಯಾಂಟ್ ಹಾಕಿಕೊಂಡು ಅರ್ಧ ಗಂಟೆಯಲ್ಲಿ ಇಡೀ ಅಡುಗೆಮನೆ ಮುಗಿಸಿದಳು. ಬಿಳಿ ಪ್ಯಾಂಟ್ ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಈ ಪೇಂಟ್ ಪೂರ್ತಿ ಮೋಸ ಅಂತ ನಾನು ಹೇಳುವುದಿಲ್ಲ. ಎಪಾಕ್ಸಿ ನಿಜಕ್ಕೂ ಗಟ್ಟಿ ವಸ್ತು. ಆದರೆ ಅದು ಕೇಳುವ ಸೇವೆ ನೋಡಿ. ಟೈಲ್ಸ್ ಮೇಲೆ ಎಣ್ಣೆಯ ಪಸೆ ಒಂದು ಚೂರೂ ಇರಬಾರದು. ಮರಳು ಕಾಗದದಲ್ಲಿ ಉಜ್ಜಿ ಹೊಳಪು ತೆಗೆಯಬೇಕು. ಹಳೆ ಪೇಂಟ್ ಇದ್ದರೆ ಅದನ್ನು ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಹಳೆಯದು ಎದ್ದಾಗ ಹೊಸದೂ ಜೊತೆಗೇ ಏಳುತ್ತದೆ. ಎರಡು ಡಬ್ಬಿ ಕಲಸಿದ ಮೇಲೆ ಹೊತ್ತು ಕಳೆಯುವ ಹಾಗಿಲ್ಲ, ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಹೊಡೆದ ಮೇಲೆ ಏಳು ದಿನ ನೀರು, ಹಬೆ ತಾಗಬಾರದು. ಏಳು ದಿನ ಅಡುಗೆ ಎಲ್ಲಿ ಮಾಡುವುದು? ಮತ್ತೆ ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಹೊಡೆಯಲೇಬಾರದು ಅಂತ ಒಳಗಿನ ಚೀಟಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು. ನಾನು ಹೊಡೆದದ್ದು ಜುಲೈ, ಆಟಿ ತಿಂಗಳು, ನಮ್ಮಲ್ಲಿ ಹಾಸಿಗೆಯೂ ಚಂಡಿ ಇರುವ ಕಾಲ. ಹತ್ತು ದಿನವಾದರೂ ಗೋಡೆ ಕೈಗೆ ಅಂಟುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಅದರಲ್ಲಿ ನೊಣ, ಒಂದು ಸಲ ಹಲ್ಲಿಯ ಬಾಲ. ಕಂಪೆನಿಗೆ ಫೋಟೋ ಕಳಿಸಿದೆ. "ನೀವು ಸೂಚನೆ ಪಾಲಿಸಿಲ್ಲ" ಅಂತ ಉತ್ತರ ಬಂತು. ಅದು ನಿಜವೇ, ಆದರೆ ಮಳೆಗಾಲದಲ್ಲಿ ಕರಾವಳಿಗೆ ಮಾರುವಾಗ ಆ ಒಂದು ಸಾಲನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯಬಹುದಿತ್ತಲ್ವಾ. ಅದಕ್ಕೇ ಒಂದು ಸ್ಟಾರ್. ಬಚ್ಚಲುಮನೆಯ ಮೇಲಿನ ಭಾಗಕ್ಕೆ, ಬೇಸಿಗೆಯಲ್ಲಿ, ತಾಳ್ಮೆ ಇರುವವರು ಹೊಡೆದರೆ ನಿಲ್ಲಬಹುದು. ಒಲೆಯ ಹಿಂದೆ ಬೇಡವೇ ಬೇಡ.

ದೀಪಾವಳಿಗೆ ನೆಂಟರು ಬರುವವರಿದ್ದರು, ಮುಚ್ಚಲು ಏನಾದರೂ ಬೇಕಿತ್ತು. ಹಿಂದೆ ಅಲ್ಯೂಮಿನಿಯಂ ಹಾಳೆ ಇರುವ ಸ್ಟಿಕ್ಕರ್ ರೋಲ್, ಒಂದಕ್ಕೆ 299, ಮೂರು ತರಿಸಿದೆ. ಒಟ್ಟು 897. ಎರಡು ಸ್ಟಾರ್ ಯಾಕೆಂದರೆ ಹೇಳಿದ ಕೆಲಸ ಮಾಡಿತು, ಮೂರು ತಿಂಗಳು. ಎಣ್ಣೆ ಹಾರಿದರೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಆದರೆ ಅಂಚು ಬಿಸಿಗೆ ಏಳುತ್ತದೆ, ಎದ್ದ ಜಾಗದಲ್ಲಿ ಜಿರಳೆ ಸಂಸಾರ ಹೂಡುತ್ತದೆ. ಫೆಬ್ರವರಿಯಲ್ಲಿ ಒಂದು ಮೂಲೆ ಎಳೆದು ನೋಡಿದೆ, ಕೂಡಲೇ ಮುಚ್ಚಿದೆ. ಆ ರಾತ್ರಿ ಊಟ ಸೇರಲಿಲ್ಲ. ಬಾಡಿಗೆ ಮನೆಯವರಿಗೆ, ಒಂದು ವರ್ಷದ ಮಟ್ಟಿಗೆ ಆದೀತು, ಒಲೆಗೆ ತಾಗದ ಹಾಗೆ ಅಂಟಿಸಿ.

ಇಲ್ಲಿಗೆ 2,897 ರೂಪಾಯಿ ಖಾಲಿ, ಮರಳು ಕಾಗದ, ಬ್ರಷ್ ಸೇರಿ. ಗೋಡೆಯ ಮೇಲೆ ಹಣ್ಣು, ಅದರ ಮೇಲೆ ಎನಾಮೆಲ್, ಅದರ ಮೇಲೆ ಎಪಾಕ್ಸಿ, ಅದರ ಮೇಲೆ ಸ್ಟಿಕ್ಕರ್. ಅತ್ತೆ ಏನೂ ಹೇಳಲಿಲ್ಲ. ಅವರು ಸುಮ್ನೆ ಇರುವುದೇ ನನಗೆ ಹೆದರಿಕೆ.

ಸರಿಯಾದ ದಾರಿ ಹೇಳಿದ್ದು ಪಕ್ಕದ ಮನೆಗೆ ಕೆಲಸಕ್ಕೆ ಬಂದಿದ್ದ ಮೇಸ್ತ್ರಿ. ಕುಂಬಳೆ ಕಡೆಯವರು, ಮನೆಮಾತು ತುಳು; ಮಲಯಾಳ, ಕನ್ನಡ ಎರಡೂ ನೀರು ಕುಡಿದ ಹಾಗೆ. ಬಂದು ಗೋಡೆ ನೋಡಿ ಮೊದಲು ಕೇಳಿದ್ದು, "ಇದಕ್ಕೆ ಎಂತ ಹೊಡೆದದ್ದು ಅಕ್ಕ?" ನಾನು ಪಟ್ಟಿ ಒಪ್ಪಿಸಿದೆ. ಅವರು ನಗದೆ ಕೇಳಿಸಿಕೊಂಡರು, ಅದಕ್ಕೇ ಅವರ ಮೇಲೆ ಗೌರವ ಬಂತು. ಆಮೇಲೆ ಜೇಬಿನಿಂದ ನಾಣ್ಯ ತೆಗೆದು ಒಂದೊಂದೇ ಟೈಲ್ಸನ್ನು ತಟ್ಟಿದರು. ಗಟ್ಟಿ ಸದ್ದು ಬಂದರೆ ಅದು ಗೋಡೆಗೆ ಸರಿಯಾಗಿ ಅಂಟಿಕೊಂಡಿದೆ, ಡಬಡಬ ಅಂದರೆ ಹಿಂದೆ ಪೊಳ್ಳು. ಇಡೀ ಅಡುಗೆಮನೆಯಲ್ಲಿ ಪೊಳ್ಳು ಇದ್ದದ್ದು ಬರೀ ಎರಡು, ಸಿಂಕಿನ ಪಕ್ಕ. "ಇದನ್ನು ಒಡೆಯುವುದು ಯಾಕೆ? ಒಲೆಯ ಹಿಂದೆ ಮಾತ್ರ ಟೈಲ್ಸ್ ಮೇಲೆ ಟೈಲ್ಸ್ ಕೂರಿಸುವ. ಪೇಂಟ್ ಎಲ್ಲ ನೀವೇ ತೆಗೆಯಿರಿ, ಅದಕ್ಕೆ ನನಗೆ ಸಂಬಳ ಕೊಡಬೇಡಿ" ಅಂದರು.

ಈ ಒಂದು ಮಾತಿಗೆ ನಾಲ್ಕೂವರೆ ಸ್ಟಾರ್. ಕೇರಳದಲ್ಲಿ ಕಟ್ಟಡ ಕೆಲಸದ ಕೂಲಿ ದೇಶದಲ್ಲೇ ಜಾಸ್ತಿ, ಅದರಲ್ಲಿ ತಪ್ಪೇನೂ ಇಲ್ಲ, ಬೆವರಿನ ಬೆಲೆ. ಆದರೆ ನಮ್ಮಂಥವರು ದುಡ್ಡು ಉಳಿಸಬೇಕಾದರೆ ಟೈಲ್ಸ್‌ನ ಬೆಲೆಯಲ್ಲಿ ಚೌಕಾಶಿ ಮಾಡಿ ಪ್ರಯೋಜನ ಇಲ್ಲ, ಮೇಸ್ತ್ರಿಯ ದಿನ ಕಡಿಮೆ ಮಾಡಬೇಕು. ಇದು ನನಗೆ ಅರ್ಥವಾದದ್ದು ಬಿಲ್ ಕೂಡಿಸಿದ ಮೇಲೆ.

ಪೇಂಟ್ ತೆಗೆಯುವ ಕೆಲಸ ಐದು ಸಂಜೆ ಹಿಡಿಯಿತು. ಹಾರ್ಡ್‌ವೇರ್ ಅಂಗಡಿಯಲ್ಲಿ ಪೇಂಟ್ ರಿಮೂವರ್ ಅಂತ ಸಿಗುತ್ತದೆ, 320 ರೂಪಾಯಿ. ಬಳಿದು ಕಾಲು ಗಂಟೆ ಬಿಟ್ಟರೆ ಪೇಂಟ್ ಸುಕ್ಕುಗಟ್ಟುತ್ತದೆ, ಬ್ಲೇಡನ್ನು ಓರೆಯಾಗಿ ಹಿಡಿದು ನೂಕಿದರೆ ಸಿಪ್ಪೆಯಂತೆ ಬರುತ್ತದೆ. ಕಿಟಕಿ ಬಾಗಿಲು ಪೂರ್ತಿ ತೆರೆದಿಡಿ, ಗ್ಯಾಸ್ ಸಿಲಿಂಡರ್ ಹೊರಗಿಡಿ, ಕೈಗವಸು ಹಾಕಿಕೊಳ್ಳಿ, ಘಾಟು ಜೋರು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಹಳೆ ಪೇಂಟನ್ನು ಒಣಗಿದ್ದಂತೆಯೇ ಮರಳು ಕಾಗದದಲ್ಲಿ ಉಜ್ಜಿ ಪುಡಿ ಎಬ್ಬಿಸಬೇಡಿ. ನಮ್ಮ ದೇಶದಲ್ಲಿ ಮನೆಗೆ ಹೊಡೆಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ನಮ್ಮ ಅಟ್ಟದ ಡಬ್ಬಿ ಅದಕ್ಕಿಂತ ಹಳೆಯದು. ಅಡುಗೆಮನೆಯಲ್ಲಿ, ಮಕ್ಕಳಿರುವ ಮನೆಯಲ್ಲಿ, ಆ ಪುಡಿ ಬೇಡ. ನಾನು ಒದ್ದೆ ಮಾಡಿಕೊಂಡೇ ಕೆರೆದೆ, ಚೂರುಗಳನ್ನು ಪೇಪರ್‌ನಲ್ಲಿ ಸುತ್ತಿ ಬೇರೆಯೇ ಇಟ್ಟೆ, ತೋಟಕ್ಕೆ ಎಸೆಯಲಿಲ್ಲ.

ಎರಡನೇ ಸಂಜೆ ಮೊದಲನೇ ಸೇಬು ಕಾಣಿಸಿತು. ಅತ್ತೆ ಅಷ್ಟರವರೆಗೆ ಜಗಲಿಯಲ್ಲಿದ್ದವರು ಒಳಗೆ ಬಂದು ಸ್ಟೂಲ್ ಎಳೆದು ಕೂತರು.

ನನಗೆ ಒಂದು ಹೆದರಿಕೆ ಇತ್ತು, ರಿಮೂವರ್ ಹಚ್ಚಿದರೆ ಚಿತ್ರವೂ ಹೋದರೆ? ಹೋಗಲಿಲ್ಲ. ಇಂಥ ಚಿತ್ರದ ಟೈಲ್ಸ್‌ನಲ್ಲಿ ಬಣ್ಣವನ್ನು ಹೊಳಪಿನ ಮೇಲೆ ಅಚ್ಚು ಹಾಕಿ, ಮತ್ತೆ ಸುಮಾರು 800 ಡಿಗ್ರಿ ಬಿಸಿಯಲ್ಲಿ ಸುಡುತ್ತಾರೆ. ಸುಟ್ಟು ಗಾಜಿಗೇ ಕೂಡಿಕೊಂಡ ಬಣ್ಣ ಅದು, ಬ್ರಷ್ ಪೇಂಟ್ ಅಲ್ಲ. ನಿಮ್ಮ ಮನೆಯದು ಯಾವುದು ಅಂತ ತಿಳಿಯಬೇಕಾದರೆ ಉಗುರು ಬಣ್ಣ ತೆಗೆಯುವ ದ್ರವವನ್ನು ಹತ್ತಿಯಲ್ಲಿ ಅದ್ದಿ ಒಂದು ಮೂಲೆಯಲ್ಲಿ ಉಜ್ಜಿ ನೋಡಿ. ಬಣ್ಣ ಹತ್ತಿಗೆ ಬಂದರೆ ಮೇಲೆ ಹೊಡೆದದ್ದು, ಬಾರದಿದ್ದರೆ ಸುಟ್ಟದ್ದು. ಆದರೆ ಹೊಳಪಿನ ಮೇಲಿರುವ ಕಾರಣ ಈ ಬಣ್ಣಕ್ಕೆ ಹುಳಿ ಆಗದು. ಒಲೆಯ ಹಿಂದಿನ ದ್ರಾಕ್ಷಿ ಯಾಕೆ ಮಸುಕಾಗಿತ್ತು ಅಂತ ಆಗ ಗೊತ್ತಾಯಿತು. ಇಪ್ಪತ್ತು ವರ್ಷ ಹುಣಸೆಹುಳಿ, ತೆಂಗಿನ ನಾರು ಹಾಕಿ ತಿಕ್ಕಿದ್ದೇವೆ, ನಡುವೆ ಬಚ್ಚಲಿನ ಆ್ಯಸಿಡ್ ಕೂಡ. ಆ್ಯಸಿಡ್ ಟೈಲ್ಸ್ ನಡುವಿನ ಸಿಮೆಂಟನ್ನೂ ತಿನ್ನುತ್ತದೆ. ಈಗ ಬರೀ ಪಾತ್ರೆ ತೊಳೆಯುವ ಸೋಪು, ಬಿಸಿ ನೀರು.

ಸಿಂಕಿನ ಪಕ್ಕದ ಎರಡು ಪೊಳ್ಳು ಟೈಲ್ಸ್‌ನಲ್ಲಿ ಒಂದು ಬಿರುಕು ಬಿಟ್ಟಿತ್ತು. ಇಂಥ ಟೈಲ್ಸ್ ಈಗ ಯಾವ ಅಂಗಡಿಯಲ್ಲೂ ಇಲ್ಲ. ಮೇಸ್ತ್ರಿ ಫ್ರಿಜ್ಜನ್ನು ಸರಿಸಿ, ಅದರ ಹಿಂದೆ ಯಾರಿಗೂ ಕಾಣದ ಜಾಗದಿಂದ ಒಂದನ್ನು ಕಿತ್ತರು. ಮೊದಲು ಸುತ್ತಲಿನ ಗೆರೆಯ ಸಿಮೆಂಟನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕೊರೆದು, ಆಮೇಲೆ ಒಂದು ಅಂಚಿನಿಂದ ನಿಧಾನ ಮೀಟಿ. ಮೊದಲನೆಯದು ಒಡೆಯಿತು, ಎರಡನೆಯದು ಇಡಿಯಾಗಿ ಬಂತು. ಫ್ರಿಜ್ ಹಿಂದಿನ ತೂತಿಗೆ ಸಿಮೆಂಟ್ ಮೆತ್ತಿದ್ದಾರೆ, ಯಾರು ನೋಡುತ್ತಾರೆ. ಮೂಲೆ ಹಾರಿದ ಇನ್ನೊಂದಕ್ಕೆ ಎಂ-ಸೀಲ್ ತುಂಬಿ, ಒಣಗಿದ ಮೇಲೆ ಮಗಳು ತನ್ನ ಬಿಳಿ ಬಣ್ಣ ಹಚ್ಚಿದಳು. ಅದು ನೀರು ತಾಗದ ಮೇಲಿನ ಸಾಲು, ಹಾಗಾಗಿ ನಿಂತಿದೆ.

ಈಗ ಅಂಗಡಿ. ಉಳಿಕೆ ಟೈಲ್ಸ್ ಅಂದರೆ ದೊಡ್ಡ ಕಟ್ಟಡಕ್ಕೆ ತಂದು ಮಿಕ್ಕಿದ್ದು, ಅಂಗಡಿಯಲ್ಲಿ ಎರಡು ಮೂರು ಬಾಕ್ಸ್ ಮಾತ್ರ ಉಳಿದದ್ದು. ನಮ್ಮ ದೇಶದ ಟೈಲ್ಸ್‌ನಲ್ಲಿ ಬಹುಪಾಲು ಬರುವುದು ಗುಜರಾತಿನ ಮೋರ್ಬಿಯಿಂದ, ಡಿಸೈನ್ ಬೇಗ ಬೇಗ ಬದಲಾಗುತ್ತದೆ, ಹಳೆ ಡಿಸೈನ್‌ನ ಮೂರು ಬಾಕ್ಸ್ ದೊಡ್ಡ ಅಂಗಡಿಗೆ ಜಾಗ ದಂಡ. ನಮಗೆ ಬೇಕಾದದ್ದೇ ಮೂರು ಬಾಕ್ಸ್. ಅಂಗಡಿಗೆ ಹೋಗುವುದೇ ಒಂದು ಸಾಹಸ, ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆದ ಮೇಲೆ ಎದುರಿಗೆ ಕಾಣುವ ಅಂಗಡಿಗೂ ಅಂಡರ್‌ಪಾಸ್ ಹುಡುಕಿ ಸರ್ವಿಸ್ ರಸ್ತೆಯಲ್ಲಿ ಹಿಂದೆ ಬರಬೇಕು. ಮಂಗಳೂರಿಗೇ ಹೋಗೋಣ, ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಪೆಟ್ರೋಲ್ ಕೂಡ ಕಡಿಮೆಗೆ ಸಿಗುತ್ತದೆ ಅಂತ ನಮ್ಮವರು ಹೇಳಿದರು. ಮೂರು ಬಾಕ್ಸಿಗೆ ಮಂಗಳೂರಿನಿಂದ ಗೂಡ್ಸ್ ರಿಕ್ಷಾ ಬಾಡಿಗೆ ಕೊಟ್ಟರೆ ಉಳಿಸಿದ್ದೆಲ್ಲ ದಾರಿಯಲ್ಲೇ ಹೋಗುತ್ತದೆ ಅಂದೆ.

ಒಳಗೆ ಕತ್ತಲೆ, ಧೂಳು, ಬಾಕ್ಸ್ ಮೇಲೆ ಬಾಕ್ಸ್. ಅಂಗಡಿಯವರು ಒಳ್ಳೆಯವರು, "ಅಕ್ಕ, ನಿಧಾನ ಹುಡುಕಿ" ಅಂತ ಬಿಟ್ಟುಬಿಟ್ಟರು. 12 ಇಂಚು ಅಗಲ, 18 ಇಂಚು ಉದ್ದದ ಮಾಸಲು ಬಿಳಿ ಟೈಲ್ಸ್ ಸಿಕ್ಕಿತು, ಒಂದು ಬಾಕ್ಸಿನಲ್ಲಿ ಆರು, ಅಂದರೆ 9 ಚದರ ಅಡಿ, 220 ರೂಪಾಯಿ. ಅದೇ ಅಳತೆಯ ಹೊಸದಕ್ಕೆ ಬೇರೆ ಕಡೆ 360 ಹೇಳಿದ್ದರು. ನಮ್ಮ ಒಲೆಯ ಗೋಡೆ 9 ಅಡಿ ಉದ್ದ, ಎರಡು ಸಾಲು ಅಡ್ಡಕ್ಕೆ ಕೂರಿಸಿದರೆ ಸಾಲಿಗೆ ಆರರಂತೆ 12 ಟೈಲ್ಸ್. ಒಂದನ್ನೂ ಉದ್ದಕ್ಕೆ ಕತ್ತರಿಸಬೇಕಾಗಿಲ್ಲ, ಇದನ್ನು ಮೊದಲೇ ಪೇಪರ್ ಮೇಲೆ ಬರೆದು ನೋಡಿಯೇ ಅಳತೆ ಆರಿಸಿದ್ದು. ಮೂರನೇ ಬಾಕ್ಸ್ ಒಡೆದರೆ ಇರಲಿ ಅಂತ.

ಇಲ್ಲಿ ಒಂದು ಸ್ಟಾರ್ ಕಡಿಮೆಯಾದದ್ದು ಯಾಕೆಂದರೆ ಬಾಕ್ಸ್ ಮೇಲಿನ ಶೇಡ್ ನಂಬರನ್ನು ಅವರಾಗಿ ಹೇಳಲಿಲ್ಲ. ಎರಡು ಬಾಕ್ಸಿಗೆ ಒಂದು ನಂಬರ್, ಮೂರನೆಯದಕ್ಕೆ ಬೇರೆ. ಟ್ಯೂಬ್‌ಲೈಟಿನಲ್ಲಿ ಎಲ್ಲ ಒಂದೇ. ಹೊರಗೆ ಬಿಸಿಲಿಗೆ ತಂದು ಪಕ್ಕಪಕ್ಕ ಇಟ್ಟಾಗ ಮೂರನೆಯದು ತುಸು ನೀಲಿ ಹೊಡೆಯುತ್ತಿತ್ತು. ಕೇಳಿದೆ. "ಗೋಡೆಯಲ್ಲಿ ಗೊತ್ತಾಗುವುದಿಲ್ಲ ಅಕ್ಕ" ಅಂದರು. ಗೊತ್ತಾಗುತ್ತದೆ. ಆದರೆ ನನಗೆ ಬೇಕಾದ 12 ಒಂದೇ ನಂಬರಿನದು ಇತ್ತು, ಮೂರನೆಯದನ್ನು ಬರೀ ಆಪತ್ತಿಗೆ ಅಂತ ತಗೊಂಡೆ. ಉಳಿಕೆ ಅಂಗಡಿಗೆ ಹೋಗುವವರು ಬಿಸಿಲಿರುವ ಹೊತ್ತಿಗೆ ಹೋಗಿ, ಪ್ರತಿ ಬಾಕ್ಸನ್ನೂ ತೆರೆದು ಮೂಲೆ ನೋಡಿ, ಒಂದರ ಮೇಲೊಂದು ಇಟ್ಟು ಅಳತೆಯೂ ನೋಡಿ. ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ ಗೋಡೆಯ ಮೇಲೆ ಮೂರು ಭಾಷೆಯಲ್ಲಿ ಬರೆದಿದ್ದಾರೆ.

ಅಂಟು ಮಾತ್ರ ಅಗ್ಗದ್ದು ತರಬೇಡಿ. ಹಳೆ ಟೈಲ್ಸ್ ಮೇಲೆ ಬರೀ ಸಿಮೆಂಟ್ ಕಲಸಿ ಹಚ್ಚಿದರೆ ಎನಾಮೆಲ್‌ನ ಕಥೆಯೇ ಮತ್ತೆ, ಗಾಜಿಗೆ ಸಿಮೆಂಟ್ ಹಿಡಿಯುವುದಿಲ್ಲ. ಟೈಲ್ಸ್ ಮೇಲೆ ಟೈಲ್ಸ್ ಕೂರಿಸಲು ಆಗುತ್ತದೆ ಅಂತ ಚೀಲದ ಮೇಲೆ ಬರೆದ ಅಂಟೇ ಬೇಕು. 20 ಕಿಲೋ ಚೀಲ 780 ರೂಪಾಯಿ. ನಮಗೆ ಬೇಕಾದದ್ದು ಏಳೆಂಟು ಕಿಲೋ. ಉಳಿದದ್ದು ಮಳೆಗಾಲಕ್ಕೆ ಕಲ್ಲಾಗುತ್ತದೆ ಅಂತ ಮೇಸ್ತ್ರಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ತುಳಸಿಕಟ್ಟೆಯ ಬುಡದಲ್ಲಿ ಎದ್ದಿದ್ದ ಟೈಲ್ಸನ್ನೆಲ್ಲ ಅದೇ ಸಂಬಳದಲ್ಲಿ ಅಂಟಿಸಿಕೊಟ್ಟರು. ಹಾಗಿದ್ದೂ ಪಕ್ಕದ ಮನೆಯವರಿಗೆ ಒಂದು ಬಕೆಟ್ ಕೊಟ್ಟೆವು.

ಕೆಲಸ ಬಿಸುವಿಗೆ (ಏಪ್ರಿಲ್ ಮಧ್ಯದ ನಮ್ಮ ಹೊಸವರ್ಷ) ಎರಡು ವಾರ ಮೊದಲು, ಒಂದೇ ದಿನದಲ್ಲಿ ಮುಗಿಯಿತು. ಬೆಳಿಗ್ಗೆ ಎಂಟಕ್ಕೆ ಶುರು, ಹಳೆ ಟೈಲ್ಸ್‌ನ ಹೊಳಪನ್ನು ಮೆಷಿನ್‌ನಲ್ಲಿ ಗೀರು ಗೀರು ಮಾಡಿ, ತೊಳೆದು, ಒಣಗಿಸಿ, ಹಲ್ಲಿನ ಕರಣೆಯಲ್ಲಿ ಅಂಟು ಎಳೆದು, ಸಂಜೆ ಐದಕ್ಕೆ ಕೊನೆಯ ಟೈಲ್ಸ್. ಗೆರೆ ತುಂಬಲು ಮರುದಿನ ಅರ್ಧ ಗಂಟೆ ಬಂದರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಗ್ರಾನೈಟ್ ಕಲ್ಲು ಮತ್ತು ಟೈಲ್ಸ್ ಕೂಡುವ ಜಾಗಕ್ಕೆ ಸಿಮೆಂಟ್ ಬೇಡ, ಬಿರುಕು ಬಿಟ್ಟು ನೀರು ಇಳಿಯುತ್ತದೆ ಅಂತ ಸಿಲಿಕಾನ್ ಹಾಕಿದರು.

ಲೆಕ್ಕ ಹೀಗೆ. ಟೈಲ್ಸ್ 660, ಅಂಟು 780, ಗೆರೆಗೆ ತುಂಬುವ ಪುಡಿ 90, ನಡುವೆ ಇಡುವ ಪ್ಲಾಸ್ಟಿಕ್ ಕಡ್ಡಿ 40, ಸಿಲಿಕಾನ್ 180, ಗೂಡ್ಸ್ ರಿಕ್ಷಾ 350, ಮೇಸ್ತ್ರಿಗೆ 1,300, ಸಹಾಯಕ್ಕೆ ಬಂದ ಹುಡುಗನಿಗೆ 900. ಒಟ್ಟು 4,300, ರಿಮೂವರ್ ಸೇರಿ 4,620. ನೋಡಿ, ಇದರಲ್ಲಿ ಟೈಲ್ಸ್‌ನ ಪಾಲು 660. ನಾನು ಧೂಳಿನಲ್ಲಿ ಎರಡು ಗಂಟೆ ಹುಡುಕಿ ಉಳಿಸಿದ್ದು 420. ಮೇಸ್ತ್ರಿ, ಹುಡುಗ ಇಬ್ಬರೂ ಇನ್ನೊಂದು ದಿನ ಬಂದಿದ್ದರೆ ಅದರ ಐದು ಪಾಲು ಹೋಗುತ್ತಿತ್ತು. ಹಾಗಾಗಿ ಉಳಿಕೆ ಅಂಗಡಿ ಸಿಗದಿದ್ದರೂ ಬೇಸರ ಮಾಡಬೇಡಿ, ಹೊಸದನ್ನೇ ತಗೊಳ್ಳಿ. ಮೊದಲು ಸುಟ್ಟ 2,897 ಸೇರಿಸಿದರೆ 7,517, ಎಂಟು ಸಾವಿರದೊಳಗೇ ಆಯಿತು. ಆ 2,897 ಇದ್ದಿದ್ದರೆ ಸಿಂಕಿನ ಪಕ್ಕಕ್ಕೂ ಹೊಸದು ಬರುತ್ತಿತ್ತು. ಆದರೆ ಅಲ್ಲಿ ಹಣ್ಣು ಇರಲಿ ಅಂತ ಅತ್ತೆ ಹೇಳಿದ್ದಾರೆ, ಈಗ ನನಗೂ ಹಾಗೇ ಅನಿಸುತ್ತದೆ.

ಒಂದು ಮಳೆಗಾಲ ದಾಟಿದೆ. ಒಂದೇ ಒಂದು ಟೈಲ್ಸ್ ಅಲುಗಿಲ್ಲ, ನಾಣ್ಯದಲ್ಲಿ ತಟ್ಟಿ ನೋಡುವುದು ಈಗ ನನ್ನ ಚಟ.

ಇನ್ನು ಆ ಅರ್ಧ ಸ್ಟಾರ್. ಹಳೆಯದರ ಮೇಲೆ ಹೊಸದು ಕೂತರೆ ಗೋಡೆ ಸುಮಾರು ಅರ್ಧ ಇಂಚು ಮುಂದೆ ಬರುತ್ತದೆ, ಮಿಕ್ಸಿಯ ಸ್ವಿಚ್ ಬೋರ್ಡ್ ಗುಂಡಿಯೊಳಗೆ ಹೋಗುತ್ತದೆ. ಅದಕ್ಕೆ ಉದ್ದದ ಸ್ಕ್ರೂ ಹಾಕಿ ಪ್ಲೇಟನ್ನು ಮುಂದೆ ತರಬೇಕು. "ಹತ್ತು ನಿಮಿಷದ ಕೆಲಸ ಅಕ್ಕ, ಭಾನುವಾರ ಬಂದು ಮಾಡುತ್ತೇನೆ" ಅಂದಿದ್ದರು. ಯಾವ ಭಾನುವಾರ ಅಂತ ಕೇಳಲು ನನಗೆ ಮರೆತುಹೋಯಿತು.